ಆವಿಗೆಯೊಳಗಿನ ನೀರು

(ಮನೆಯಲ್ಲೇ ಮಡಕೆ ಮಾಡಿ ಸುಡುವ ಆಸಕ್ತರ ಮುಂದೆ ಶಿರಸಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಿಲ್ನ್, ಅಂದರೆ ಮಡಕೆ ಸುಡುವ ಒಲೆ, ಅದನ್ನು ತುಂಬುವುದು ಹೇಗೆ, ಸುಡುವುದು ಹೇಗೆ, ಹೇಳಿ ಅಂತ ಕರೆದಿದ್ದೀರಿ. ಬೆಂಕಿಯ ಮಾತು ಕೇಳಲು ಬಂದ ನಿಮಗೆ ನಾನು ಬಹುಪಾಲು ನೀರಿನ ಮಾತನ್ನೇ ಹೇಳಲಿದ್ದೇನೆ. ಒಣಹವೆಯ ಊರಿನವರು ಮಾಡಿದ ವಿಡಿಯೋಗಳಲ್ಲಿ ‘ಮಡಕೆ ಚೆನ್ನಾಗಿ ಒಣಗಿರಲಿ’ ಎಂಬ ಒಂದು ವಾಕ್ಯಕ್ಕೆ ನೀರಿನ ವಿಷಯ ಮುಗಿದುಹೋಗುತ್ತದೆ. ಘಟ್ಟದ ಕೆಳಗೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಘಟ್ಟದ ಮೇಲೆ ನಮ್ಮಲ್ಲಿ ಆಷಾಢ ಬಂತೆಂದರೆ ಹಾಸಿಗೆ ಹೊದಿಕೆಯೂ ಥಂಡಿ. ಇಂಥ ಜಿಲ್ಲೆಯಲ್ಲಿ ಕೂತು ಮಣ್ಣು ಸುಡುವವರಿಗೆ ಆ ಒಂದು ವಾಕ್ಯ ಸಾಲುವುದಿಲ್ಲ. ಸುಡುವಾಗ ಮಡಕೆ ಸಿಡಿಯುವುದು, ಒಲೆ ಆರುವಾಗ ಬಿರಿಯುವುದು, ಸುಟ್ಟು ವಾರಗಳು ಕಳೆದ ಮೇಲೆ ಮೈಯಿಂದ ಚಕ್ಕೆ ಏಳುವುದು, ಇವೆಲ್ಲ ನೀವು ನನಗೆ ಹೇಳಿಕೊಂಡ ತೊಂದರೆಗಳು. ಮೊದಲನೆಯದಕ್ಕೂ ಕೊನೆಯದಕ್ಕೂ ಕಾರಣ ನೇರವಾಗಿ ನೀರೇ.

ಈ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ. ಇಲ್ಲೇ ಹತ್ತಿರದ ಬನವಾಸಿಯಲ್ಲಿ ಅಗೆದಾಗ ಶಾತವಾಹನರ ಕಾಲದ ಮಡಕೆ ಚೂರುಗಳು ಸಿಕ್ಕಿವೆ. ಕರಾವಳಿಯಲ್ಲಿ ಗುನಗರು ಕುಂಬಾರಿಕೆಯನ್ನೂ ಗ್ರಾಮದೇವತೆಯ ಪೂಜೆಯನ್ನೂ ಒಂದೇ ಮನೆಯಲ್ಲಿ ನಡೆಸಿಕೊಂಡು ಬಂದವರು. ಆಚೆ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವಿದೆ. ಇದನ್ನು ಹೇಳುವುದಕ್ಕೆ ಕಾರಣವಿದೆ. ಕರೆಂಟಿನ ಕಿಲ್ನ್ ತಂದುಕೊಂಡ ನಮ್ಮಂಥವರು ಕುಂಬಾರರು ಕಟ್ಟಿಗೆಯಲ್ಲಿ ಸುಡುವ ಹಳೆಯ ಆವಿಗೆಯನ್ನು ಒರಟು ಕೆಲಸ ಅಂದುಕೊಳ್ಳುತ್ತೇವೆ. ಒಮ್ಮೆ ನಿಂತು ನೋಡಿ. ತೆರೆದ ಆವಿಗೆಯಲ್ಲಿ ಹಸಿ ಮಡಕೆಯನ್ನು ನೇರವಾಗಿ ಉರಿಗೆ ಕೊಡುವುದಿಲ್ಲ. ಮೊದಲು ಸಣ್ಣ ಹೊಗೆಬೆಂಕಿಯಲ್ಲಿ ಬೋರಲಾಗಿಟ್ಟು ಮೈ ಬೆಚ್ಚಗಾಗಿಸುತ್ತಾರೆ. ಆಮೇಲೆ ಕಟ್ಟಿಗೆ, ತೆಂಗಿನ ಸಿಪ್ಪೆ, ಹುಲ್ಲು ಪೇರಿಸಿ, ಮೇಲೆ ಮಡಕೆ ಚೂರು, ಬೂದಿ, ಕೆಸರು ಮುಚ್ಚಿ ಬೆಂಕಿಯನ್ನು ಹಿಡಿದು ನಿಲ್ಲಿಸುತ್ತಾರೆ. ಥರ್ಮಾಮೀಟರ್ ಇಲ್ಲದೆ ನೀರಿನ ಲೆಕ್ಕ ಕಲಿತವರ ಕ್ರಮ ಅದು. ನಮ್ಮ ಡಿಜಿಟಲ್ ಕಂಟ್ರೋಲರ್‌ನಲ್ಲಿ ನಾವು ಹಾಕಬೇಕಾದ ಪ್ರೋಗ್ರಾಮ್ ಕೂಡ ಅದೇ ಕ್ರಮದ್ದು.

ಒಣಗಿಸುವುದರಿಂದ ಶುರುಮಾಡೋಣ. ಮಡಕೆ ಬಣ್ಣ ಬಿಟ್ಟು ಬಿಳಿಚಿತು ಅಂದರೆ ಒಣಗಿತು ಎಂದು ಅರ್ಥವಲ್ಲ. ಗಾಳಿಯಲ್ಲಿ ತೇವ ತುಂಬಿರುವಾಗ ಮಣ್ಣು ಆ ಗಾಳಿಗೆ ಸಮನಾಗುವಷ್ಟೇ ಒಣಗುತ್ತದೆ, ಅಲ್ಲಿಗೆ ನಿಂತುಬಿಡುತ್ತದೆ. ಜುಲೈ ತಿಂಗಳಲ್ಲಿ ಶೆಲ್ಫಿನ ಮೇಲೆ ಹದಿನೈದು ದಿನ ಇಟ್ಟರೂ ಒಳಗಿನ ಕೊನೆಯ ತೇವ ಹೋಗುವುದಿಲ್ಲ. ಮಡಕೆಯ ತಳವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಕೊರೆದರೆ ಅಲ್ಲಿಂದ ಇನ್ನೂ ನೀರು ಆರುತ್ತಿದೆ. ಹೆಚ್ಚಾಗಿ ಈ ತಣ್ಣನೆ ಸಿಗುವುದು ತಳದಲ್ಲಿ ಮತ್ತು ಹಿಡಿ ಅಂಟಿಸಿದ ಜಾಗದಲ್ಲಿ, ಯಾಕೆಂದರೆ ಮಣ್ಣು ದಪ್ಪ ಇರುವುದು ಅಲ್ಲಿಯೇ. ಬಚ್ಚಲೊಲೆ ಇರುವ ಮನೆಯವರು ಅದೃಷ್ಟವಂತರು. ಒಲೆಯ ಮೇಲಿನ ಅಟ್ಟದಲ್ಲಿ, ನೇರ ಉರಿ ತಾಗದ ಕಡೆ, ಸರಳುಗಳ ಮೇಲೆ ಮಡಕೆಗಳನ್ನು ಬೋರಲಿಡಿ. ತಳಕ್ಕೂ ಗಾಳಿ ಸಿಗಬೇಕು. ಹಲಗೆಯ ಮೇಲೆ ಪೂರ್ತಿ ಕೂರಿಸಿದರೆ ತಳ ಹಿಂದೆ ಬಿದ್ದು, ಬಾಯಿ ಮೊದಲು ಒಣಗಿ, ಎರಡರ ಎಳೆದಾಟದಲ್ಲಿ ಸೀಳು ಬೀಳುತ್ತದೆ.

ಇಷ್ಟು ಮಾಡಿದ ಮೇಲೂ ಒಂದಿಷ್ಟು ನೀರು ಒಳಗೆ ಉಳಿದೇ ಇರುತ್ತದೆ. ಲೆಕ್ಕ ಹಾಕಿ ನೋಡಿ. ಕಿಲ್ನ್‌ನಲ್ಲಿ ಹತ್ತು ಕಿಲೋ ಹಸಿ ಮಡಕೆ ಇದೆ, ಅದರಲ್ಲಿ ತೂಕದ ನೂರಕ್ಕೆ ಎರಡು ಪಾಲು ತೇವ ಉಳಿದಿದೆ ಎಂದಿಟ್ಟುಕೊಳ್ಳೋಣ. 200 ಗ್ರಾಂ ನೀರು, ಒಂದು ಲೋಟದಷ್ಟು. ನೀರು ಆವಿಯಾದಾಗ ಸುಮಾರು 1700 ಪಟ್ಟು ಹಿಗ್ಗುತ್ತದೆ. ಆ ಒಂದು ಲೋಟ 340 ಲೀಟರ್ ಆವಿಯಾಗಿ, ಕೂದಲಿಗಿಂತ ಸಣ್ಣ ರಂಧ್ರಗಳ ಮೂಲಕ ಹೊರಬರಬೇಕು. ನಿಧಾನವಾಗಿ ಬಿಟ್ಟರೆ ಬರುತ್ತದೆ. ಅವಸರ ಮಾಡಿದರೆ ಮಣ್ಣನ್ನು ಸೀಳಿಕೊಂಡು ಬರುತ್ತದೆ, ಪಕ್ಕದಲ್ಲಿದ್ದ ಮಡಕೆಗಳನ್ನೂ ಹಾಳುಮಾಡುತ್ತದೆ, ಚೂರುಗಳು ಕಾಯಿಲ್, ಅಂದರೆ ಬಿಸಿ ಕೊಡುವ ತಂತಿಸುರುಳಿ, ಕೂತ ಸಂದಿಯೊಳಗೆ ಸಿಕ್ಕಿಕೊಳ್ಳುತ್ತವೆ. ಒಳಗೆ ಗಾಳಿಗುಳ್ಳೆ ಇದ್ದದ್ದಕ್ಕೆ ಮಡಕೆ ಸಿಡಿಯಿತು ಎನ್ನುವ ಮಾತನ್ನು ಬಿಟ್ಟುಬಿಡಿ. ಚೆನ್ನಾಗಿ ಒಣಗಿದ ಮಣ್ಣಿನೊಳಗಿನ ಗಾಳಿ ಆ ಕೆಲಸ ಮಾಡುವುದಿಲ್ಲ, ಆವಿ ಮಾಡುತ್ತದೆ. ಗುಳ್ಳೆ ಇದ್ದ ಕಡೆ ಗೋಡೆ ದಪ್ಪವಿರುತ್ತದೆ, ದಪ್ಪ ಇದ್ದಲ್ಲಿ ತೇವ ಉಳಿದಿರುತ್ತದೆ, ಅಷ್ಟೇ.

ಹಾಗಾಗಿ ಮೊದಲ ರಾತ್ರಿ ಪೂರ್ತಿ ನೀರಿಗೆ ಬಿಟ್ಟುಕೊಡಿ. ಕಿಲ್ನ್ 80ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಲಿ. ಮುಚ್ಚಳ ಒಂದು ಬೆರಳಿನಷ್ಟು ತೆರೆದಿರಲಿ, ನೋಡುಗಂಡಿಯ ಬಿರಟೆ ತೆಗೆದಿರಲಿ. ನೂರನ್ನು ದಾಟದೆ ನಿಲ್ಲಿಸುವುದೇ ಮುಖ್ಯ: ಕುದಿಯದ ನೀರು ಸದ್ದಿಲ್ಲದೆ ಆರಿಹೋಗುತ್ತದೆ. ಬೇಸಿಗೆಯಲ್ಲಿ ತೆಳು ಬಟ್ಟಲುಗಳಿಗೆ ಮೂರು ನಾಲ್ಕು ಗಂಟೆ ಸಾಕಾದೀತು, ಮಳೆಗಾಲದಲ್ಲಿ ಎಂಟರಿಂದ ಹನ್ನೆರಡು ಗಂಟೆ ಇಡಿ. ಮುಗಿಯಿತೋ ಇಲ್ಲವೋ ತಿಳಿಯಲು ಗಡಿಯಾರ ನೋಡಬೇಡಿ. ತಣ್ಣನೆಯ ಕನ್ನಡಿಯನ್ನೋ ಸ್ಟೀಲಿನ ತಟ್ಟೆಯನ್ನೋ ನೋಡುಗಂಡಿಯ ಎದುರು ಒಂದು ಗಳಿಗೆ ಹಿಡಿಯಿರಿ. ಮಂಜು ಕಟ್ಟಿದರೆ ಇನ್ನೂ ಕಾಯಬೇಕು.

ಈಗ ತುಂಬುವುದು. ನನಗೆ ಸುಡುವುದಕ್ಕಿಂತ ಇದೇ ಇಷ್ಟದ ಕೆಲಸ, ಹೆಚ್ಚು ತಲೆ ಬೇಡುವ ಕೆಲಸವೂ ಇದೇ. ಹಸಿ ಮಡಕೆಯನ್ನು ಕಂಠ ಹಿಡಿದು ಎತ್ತಬೇಡಿ, ಎರಡೂ ಕೈ ತಳಕ್ಕೆ ಕೊಡಿ. ಬಿಸ್ಕ್, ಅಂದರೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇಲ್ಲದ ಮೊದಲ ಸುಡಿತದಲ್ಲಿ ಮಡಕೆಗಳು ಒಂದಕ್ಕೊಂದು ತಾಗಬಹುದು, ಒಂದರ ಮೇಲೊಂದು ಕೂರಬಹುದು. ಬಟ್ಟಲನ್ನು ಬಟ್ಟಲಿನ ಮೇಲೆ ಬಾಯಿಗೆ ಬಾಯಿ, ತಳಕ್ಕೆ ತಳ ಸೇರಿಸಿ ಪೇರಿಸಿ. ಹಾಗೆ ಮಾಡಿದರೆ ಭಾರ ಗೋಡೆಯ ಗುಂಟ ನೇರ ಕೆಳಗಿಳಿಯುತ್ತದೆ, ಬಾಯಿಯ ವೃತ್ತವೂ ಸೊಟ್ಟಗಾಗದೆ ನಿಲ್ಲುತ್ತದೆ. ಮುಚ್ಚಳವನ್ನು ಅದರದೇ ಪಾತ್ರೆಯ ಮೇಲಿಟ್ಟು ಸುಡಿ, ಎರಡೂ ಒಟ್ಟಿಗೆ ಕುಗ್ಗಿ ಕೊನೆಗೂ ಹೊಂದಿಕೊಳ್ಳುತ್ತವೆ. ಸಣ್ಣದನ್ನು ದೊಡ್ಡದರ ಹೊಟ್ಟೆಯೊಳಗೆ ಇಡಬಹುದು, ಆದರೆ ಬಿಗಿಯಾಗಿ ಸಿಕ್ಕಿಸಬಾರದು. ಹೊರಗಿನದು ಕುಗ್ಗಿ ಒಳಗಿನದನ್ನು ಹಿಡಿದುಕೊಂಡರೆ ಎರಡೂ ಕೈಬಿಟ್ಟ ಹಾಗೆ. ಭಾರದ್ದು, ದಪ್ಪದ್ದು ಕೆಳಗೆ. ಚಪ್ಪಟೆ ತಟ್ಟೆಗಳು ಶೆಲ್ಫಿನ ಮೇಲೆ ಸಪಾಟಾಗಿ, ತೆಳುವಾದ ಮರಳಿನ ಹಾಸಿನ ಮೇಲೆ. ಕುಗ್ಗುವಾಗ ಜಾರಲು ಜಾಗ ಬೇಕಲ್ಲ.

ಶೆಲ್ಫಿಗೆ ಮೂರೇ ಪ್ರಾಪ್, ಅಂದರೆ ಆನಿಕೆಯ ಗೂಟ, ಕೊಡಿ, ನಾಲ್ಕು ಬೇಡ. ಮೂರು ಕಾಲಿನದು ಎಂಥ ಸೊಟ್ಟ ನೆಲದಲ್ಲೂ ಅಲ್ಲಾಡುವುದಿಲ್ಲ. ಮೇಲಿನ ಶೆಲ್ಫಿನ ಪ್ರಾಪ್ ಕೆಳಗಿನದರ ನೆತ್ತಿಯ ಮೇಲೇ ನೇರವಾಗಿ ಬರಬೇಕು, ಒಂದಿಂಚು ಆಚೀಚೆ ಆದರೂ ಬಿಸಿಯಲ್ಲಿ ಶೆಲ್ಫ್ ಬಾಗುತ್ತದೆ. ಎಲ್ಲಕ್ಕಿಂತ ಕೆಳಗಿನ ಶೆಲ್ಫ್ ಕಿಲ್ನ್‌ನ ತಳಕ್ಕೆ ಅಂಟಿಕೊಂಡಿರದೆ ಎರಡು ಮೂರು ಸೆಂಟಿಮೀಟರ್ ಮೇಲಿರಲಿ. ಕಾಯಿಲ್‌ನಿಂದ ಎಲ್ಲ ಮಡಕೆಗಳೂ ಅಷ್ಟೇ ದೂರ ಇರಲಿ. ಒಳಗಿನ ಬಿಸಿ ಅಳೆಯುವ ಕಡ್ಡಿ, ಅಂದರೆ ಥರ್ಮೋಕಪಲ್‌ನ ತುದಿಗೆ ಏನೂ ತಾಗಬಾರದು. ತಾಗಿದರೆ ಅದು ಕಿಲ್ನ್‌ನ ಬಿಸಿ ಹೇಳದೆ ಆ ಒಂದು ಮಡಕೆಯ ಬಿಸಿ ಹೇಳುತ್ತದೆ.

ಇನ್ನು ಸುಡುವಾಗ ಹೊರಡುವ ನೀರು. ಜೇಡಿಮಣ್ಣಿನ ಕಣದೊಳಗೇ ನೀರು ಬೆಸೆದುಕೊಂಡಿದೆ. ಬಿಸಿಲಿಗೆ, ಬಚ್ಚಲೊಲೆಗೆ ಅದು ಜಗ್ಗುವುದಿಲ್ಲ. ಬಿಳಿ ಜೇಡಿ, ಅಂದರೆ ಶುದ್ಧ ಕೆಯೋಲಿನ್‌ನ ನೂರು ಗ್ರಾಂನಲ್ಲಿ ಸುಮಾರು 14 ಗ್ರಾಂ ಅಂಥ ನೀರು. ಅದು ಬಿಡುವುದು ಸುಮಾರು 450ರಿಂದ 600 ಡಿಗ್ರಿಯ ನಡುವೆ. ಈ ಹಂತ ದಾಟಿದ ಮೇಲೆ ಮಣ್ಣು ಮತ್ತೆ ಮಣ್ಣಾಗುವುದಿಲ್ಲ, ನೀರಿಗೆ ಹಾಕಿದರೆ ಕರಗುವುದಿಲ್ಲ. ಮಡಕೆ ಮಡಕೆಯಾಗುವ ಗಳಿಗೆ ಇದು, ನೋಡಲು ಹೋದರೆ ಕೆಂಪು ಕೂಡ ಸರಿಯಾಗಿ ಮೂಡಿರುವುದಿಲ್ಲ. ಇದರ ನಡುವೆಯೇ, 573 ಡಿಗ್ರಿಯಲ್ಲಿ, ಮಣ್ಣಿನಲ್ಲಿರುವ ಬಿಳಿಗಲ್ಲಿನ ಪುಡಿ, ಅಂದರೆ ಕ್ವಾರ್ಟ್ಸ್, ತಟ್ಟನೆ ಹಿಗ್ಗುತ್ತದೆ. ಇಳಿಯುವಾಗ ಅದೇ 573ರಲ್ಲಿ ತಟ್ಟನೆ ಕುಗ್ಗುತ್ತದೆ. ಆದ್ದರಿಂದ 600ರವರೆಗೆ ಗಂಟೆಗೆ ನೂರು ಡಿಗ್ರಿ ಮೀರಬೇಡಿ. ದಪ್ಪ ಮಡಕೆ ಇದ್ದರೆ ಅರವತ್ತು ಸಾಕು.

ಅಲ್ಲಿಂದ ಮುಂದೆ ಸ್ವಲ್ಪ ವೇಗ ಕೊಡಬಹುದು. ಆದರೆ ನಮ್ಮ ಗದ್ದೆಮಣ್ಣಿನಲ್ಲಿ ಬೇರು, ಕೊಳೆತ ಸೊಪ್ಪು ಬಹಳ. ಅದು ಉರಿದುಹೋಗಲು ಗಾಳಿ ಬೇಕು, ಸಮಯ ಬೇಕು. 900ರ ಆಸುಪಾಸಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಅಲ್ಲಿಯವರೆಗೆ ನೋಡುಗಂಡಿ ತೆರೆದೇ ಇರಲಿ. ಒಡೆದ ಬಿಸ್ಕ್ ಚೂರಿನ ಒಳಗೆ ಕಪ್ಪು ಪಟ್ಟೆ ಕಂಡರೆ ಇಂಗಾಲ ಪೂರ್ತಿ ಸುಟ್ಟಿಲ್ಲ. ಮುಂದೆ ಗ್ಲೇಜ್ ಸುಡುವಾಗ ಅದೇ ಗುಳ್ಳೆಯಾಗಿ ಏಳುತ್ತದೆ. ಈ ಹೊತ್ತಿನಲ್ಲಿ ಹೊರಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಗಂಧಕದ ಹೊಗೆ ಇರುತ್ತದೆ. ಕಿಲ್ನ್ ಇಟ್ಟ ಕೋಣೆಯಲ್ಲಿ ಯಾರೂ ಮಲಗಬಾರದು, ಮಕ್ಕಳ ಓದುವ ಮೇಜು ಅಲ್ಲಿರಬಾರದು. ಕೊಟ್ಟಿಗೆಯ ಪಕ್ಕದ ತೆರೆದ ಮಾಡು ಒಳ್ಳೆಯ ಜಾಗ, ಇರಚಲು ಹೊಡೆಯದಿದ್ದರೆ ಸರಿ.

ಎಲ್ಲಿಗೆ ನಿಲ್ಲಿಸಬೇಕು? ಇಲ್ಲಿ ಕೋನ್ ಬೇಕು. 1886ರಲ್ಲಿ ಜರ್ಮನಿಯ ಹರ್ಮನ್ ಸೇಗರ್ ರೂಪಿಸಿದ್ದು, ಆಮೇಲೆ ಅಮೆರಿಕದ ಎಡ್ವರ್ಡ್ ಆರ್ಟನ್ ಹೆಸರಿನಲ್ಲಿ ನಮ್ಮವರೆಗೂ ಬಂದಿದ್ದು. ಬೆರಳುದ್ದದ, ಮೊನೆಯಾದ ಮಣ್ಣಿನ ಕಡ್ಡಿ. ತನ್ನ ಹದ ಬಂದಾಗ ಬಾಗುತ್ತದೆ. ಒಂದೊಂದು ಹದಕ್ಕೆ ಒಂದೊಂದು ಸಂಖ್ಯೆಯ ಕೋನ್. ಸಂಖ್ಯೆಯ ಮುಂದೆ ಸೊನ್ನೆ ಇದ್ದರೆ ಲೆಕ್ಕ ತಿರುಗುಮುರುಗು: 06 ಬಾಗುವುದು ಸುಮಾರು 1000 ಡಿಗ್ರಿಗೆ, 04 ಸುಮಾರು 1060ಕ್ಕೆ, ಸೊನ್ನೆಯಿಲ್ಲದ ಬರಿ 6 ಬಾಗಲು 1220ರ ಮೇಲೆ ಹೋಗಬೇಕು. 06 ಮತ್ತು 6 ಅದಲುಬದಲಾದರೆ ಕಿಲ್ನ್ ತುಂಬಾ ಕರಗಿದ ಕೆಂಪು ಮಣ್ಣು ಸಿಗುತ್ತದೆ, ಪೊಟ್ಟಣದ ಮೇಲೆ ಎರಡು ಸಲ ಓದಿ. ಕಂಟ್ರೋಲರ್‌ನಲ್ಲೇ ಡಿಗ್ರಿ ಬರುವಾಗ ಕೋನ್ ಏಕೆ ಎಂದು ಕೇಳುತ್ತೀರಿ. ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವವರು ಎಷ್ಟು ಬಿಸಿಯಾಗಿದೆ ಎಂದು ಕೇಳುವುದಿಲ್ಲ, ಹದ ಬಂತೇ ಎಂದು ನೀರಿಗೆ ಹನಿ ಬಿಟ್ಟು ನೋಡುತ್ತಾರೆ. ಮಣ್ಣಿಗೂ ಹಾಗೆಯೇ. ಬಿಸಿ ಎಷ್ಟು, ಎಷ್ಟು ಹೊತ್ತು, ಎರಡೂ ಸೇರಿದ್ದು ಹದ. ಥರ್ಮೋಕಪಲ್ ಮೊದಲನೆಯದನ್ನು ಮಾತ್ರ ಹೇಳುತ್ತದೆ.

ನಮ್ಮ ಕಡೆ ಕರೆಂಟು ಹೋಗುತ್ತದೆ, ಮರ ಬಿದ್ದರೆ ದಿನಗಟ್ಟಲೆ ಹೋಗುತ್ತದೆ. ಆಗ ಕೋನ್‌ನ ಬೆಲೆ ತಿಳಿಯುತ್ತದೆ. 600ರ ಒಳಗೆ ಹೋದರೆ ಗಾಬರಿ ಬೇಡ, ಬಿರಟೆ ಹಾಕಿ ಮುಚ್ಚಿಡಿ, ಬಂದ ಮೇಲೆ ನಿಧಾನವಾಗಿ ಮತ್ತೆ ಏರಿಸಿ. ಕೊನೆಯ ಬಿಸಿಯ ಹತ್ತಿರ ಬಂದಾಗ ಕರೆಂಟು ಹೋಗಿ ಗಂಟೆ ಬಿಟ್ಟು ಬಂದರೆ, ಮಣ್ಣು ಮೊದಲೇ ಒಂದಿಷ್ಟು ಹದ ಪಡೆದಿರುತ್ತದೆ. ಆ ಲೆಕ್ಕ ಕಂಟ್ರೋಲರ್‌ಗೆ ಗೊತ್ತಿಲ್ಲ. ಕೆಲವು ಕಂಟ್ರೋಲರ್‌ಗಳು ನಿಂತಲ್ಲಿಂದ ಮುಂದುವರಿಯುತ್ತವೆ, ಕೆಲವು ಮೊದಲಿನಿಂದ ಶುರುಮಾಡುತ್ತವೆ. ನಿಮ್ಮದು ಯಾವ ಜಾತಿಯದೆಂದು ಕಿಲ್ನ್ ಖಾಲಿ ಇರುವಾಗಲೇ ಪರೀಕ್ಷಿಸಿ. ನೋಡುಗಂಡಿಯ ಎದುರು ಮೂರು ಕೋನ್ ಇಡಿ: ಬೇಕಾದದ್ದು, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಒಂದು ಮೆಟ್ಟಿಲು ಮೇಲಿನದು. ಕೆಳಗಿನದು ಮಲಗಿ, ನಡುವಿನದು ಬಾಗಿ, ಮೇಲಿನದು ನೆಟ್ಟಗೆ ನಿಂತಿದ್ದರೆ ಸ್ವಿಚ್ ಆರಿಸಿ. ನೋಡುವಾಗ ವೆಲ್ಡಿಂಗ್‌ನವರು ಹಾಕುವಂಥ ಕಪ್ಪು ಕನ್ನಡಕ ಬೇಕೇ ಬೇಕು.

ಸುಟ್ಟ ಮೇಲೆ ಬರುವ ನೀರಿನ ಬಗ್ಗೆ ಹೊರಗಿನವರು ನಮಗೆ ಹೇಳುವುದಿಲ್ಲ, ಏಕೆಂದರೆ ಅದು ನಮ್ಮ ಕರಾವಳಿಯ ಮಣ್ಣಿನ ಗುಣ. ಅಘನಾಶಿನಿ, ಕಾಳಿ, ಶರಾವತಿ ನದಿಗಳು ಕಡಲು ಸೇರುವ ಕಡೆಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಮಣ್ಣಿನಲ್ಲಿ ಬಳಚಿನ ಚಿಪ್ಪಿನ ಚೂರುಗಳಿರುತ್ತವೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 850 ಡಿಗ್ರಿ ದಾಟಿದಾಗ ಅದು ಸುಟ್ಟ ಸುಣ್ಣವಾಗುತ್ತದೆ. ಚಿಪ್ಪಿಸುಣ್ಣ ಮಾಡುತ್ತಿದ್ದದ್ದೂ ಹೀಗೆಯೇ, ಭಟ್ಟಿಯಲ್ಲಿ ಸುಟ್ಟು, ಆಮೇಲೆ ನೀರು ಹಾಕಿ ಅರಳಿಸಿ. ಮಡಕೆಯ ಗೋಡೆಯೊಳಗೆ ಕೂತ ಸುಣ್ಣದ ಕಾಳು ಕೂಡ ಅರಳಲು ಕಾಯುತ್ತಿರುತ್ತದೆ. ಕಾರವಾರದ ಗಾಳಿಯ ತೇವವೇ ಅದಕ್ಕೆ ಸಾಕು. ಹೀರುತ್ತದೆ, ಹಿಗ್ಗುತ್ತದೆ, ಮೇಲಿನ ಮಣ್ಣನ್ನು ನಾಣ್ಯದಗಲ ಚಕ್ಕೆಯಾಗಿ ಎತ್ತಿ ಬಿಸಾಡುತ್ತದೆ. ಚಕ್ಕೆ ಎದ್ದ ಗುಳಿಯ ನಡುವೆ ಬಿಳಿ ಚುಕ್ಕೆ ಇದ್ದರೆ ಅದೇ ಕಳ್ಳ.

ತೆರೆದ ಆವಿಗೆಯ ಬೆಂಕಿ ಸಾಮಾನ್ಯವಾಗಿ 700, 800 ಡಿಗ್ರಿಯ ಸುತ್ತ ಇರುತ್ತದೆ. ಅಲ್ಲಿ ಚಿಪ್ಪು ಹೆಚ್ಚಾಗಿ ಚಿಪ್ಪಾಗಿಯೇ ಉಳಿಯುತ್ತದೆ, ಮಡಕೆ ಬಾಳುತ್ತದೆ. ಅದೇ ಮಣ್ಣನ್ನು ನಾವು ‘ಇನ್ನೂ ಗಟ್ಟಿಯಾಗಲಿ’ ಎಂದು ಕಿಲ್ನ್‌ನಲ್ಲಿ 1000ಕ್ಕೆ ಒಯ್ದು ಕೆಡಿಸುತ್ತೇವೆ. ಹಳಬರ ಬೆಂಕಿ ಸಣ್ಣದಾಗಿತ್ತು ಎಂದು ನಾವು ಅಂದುಕೊಂಡದ್ದು ಆ ಮಣ್ಣಿಗೆ ಸರಿಯಾದ ಬೆಂಕಿಯಾಗಿತ್ತು. ಇದನ್ನು ತಿಳಿದ ಮೇಲೆ ನನಗೆ ಆವಿಗೆಯ ಮೇಲಿನ ಗೌರವ ಇಮ್ಮಡಿಯಾಗಿದೆ. ಕಿಲ್ನ್‌ನಲ್ಲೇ ಸುಡಬೇಕೆಂದರೆ ದಾರಿಗಳಿವೆ. ಒಣ ಮಣ್ಣಿಗೆ ಒಂದು ಹನಿ ವಿನೆಗರ್ ಹಾಕಿ ನೋಡಿ, ನೊರೆ ಬಂದರೆ ಸುಣ್ಣವಿದೆ. ಮಣ್ಣನ್ನು ನೀರಿನಲ್ಲಿ ಕದಡಿ ಸಣ್ಣ ಜಾಲರಿಯಲ್ಲಿ ಸೋಸಿ. ತೀರ ನುಣ್ಣಗಿನ ಸುಣ್ಣ ತೊಂದರೆ ಕೊಡುವುದಿಲ್ಲ, ಕಾಳು ಕೊಡುತ್ತದೆ. ಸುಟ್ಟಾಗಿದ್ದರೆ, ಕಿಲ್ನ್‌ನಿಂದ ತೆಗೆದು ಆರಿದ ಕೂಡಲೇ ಮಡಕೆಯನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿಡಿ. ಇಟ್ಟಿಗೆ ಮಾಡುವವರು ಈ ಉಪಾಯ ಬಲ್ಲರು.

ಗ್ಲೇಜ್ ಸುಡಿತದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಇಲ್ಲಿ ಯಾವುದಕ್ಕೂ ಯಾವುದೂ ತಾಗಬಾರದು, ನಡುವೆ ಕಿರುಬೆರಳಿನ ಅರ್ಧದಷ್ಟಾದರೂ ಜಾಗ ಬೇಕು. ತಳವನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಬುಡದಿಂದ ಮೂರು ಮಿಲಿಮೀಟರ್ ಮೇಲಿನವರೆಗೂ ಗ್ಲೇಜ್ ಇರದಂತೆ ಮಾಡಿ. ಶೆಲ್ಫಿನ ಮೇಲ್ಮೈಗೆ ಅಲ್ಯೂಮಿನಾ ಮತ್ತು ಕೆಯೋಲಿನ್ ಸಮಪಾಲು ಕಲಸಿ ಬಳಿಯಿರಿ, ಕೆಳಮೈಗೆ ಬೇಡ, ಉದುರಿ ಕೆಳಗಿನ ಬಟ್ಟಲಿಗೆ ಬೀಳುತ್ತದೆ. ಸೀಸ ಇರುವ ಗ್ಲೇಜನ್ನು ಮನೆಗೆ ತರಲೇಬೇಡಿ, ಎಷ್ಟೇ ಹೊಳೆದರೂ. ಹೊಗೆಯಾಡಿಸಿ ಕಪ್ಪು ಮಡಕೆ ಮಾಡುವ ಆಸೆ ಇದ್ದರೆ ಅದಕ್ಕೆ ಹೊರಗೆ ಕಟ್ಟಿಗೆಯ ಆವಿಗೆಯೇ ಸರಿ. ಕರೆಂಟಿನ ಕಿಲ್ನ್‌ನಲ್ಲಿ ಹೊಗೆ ತುಂಬಿದರೆ ಕಾಯಿಲ್‌ನ ಮೇಲಿನ ರಕ್ಷಣೆಯ ಪದರ ಸವೆದು ಅದರ ಆಯುಷ್ಯ ಮುಗಿಯುತ್ತದೆ.

ಕಿಲ್ನ್‌ಗೂ ನೀರು ತಾಗುತ್ತದೆ. ಒಳಗಿನ ಹಗುರ ಇಟ್ಟಿಗೆ ಮಳೆಗಾಲದ ತೇವವನ್ನು ಹೀರಿಕೊಂಡಿರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ್ದರೆ ಮೊದಲ ಸಲ ಖಾಲಿಯಾಗಿಯೇ ನಿಧಾನವಾಗಿ 200, 300 ಡಿಗ್ರಿವರೆಗೆ ಕಾಯಿಸಿ ಒಣಗಿಸಿ. ಕಡಲ ಗಾಳಿಯಲ್ಲಿ ಕಾಯಿಲ್‌ನ ತುದಿಯಲ್ಲಿರುವ ಸ್ಕ್ರೂಗಳು ತುಕ್ಕು ಹಿಡಿದು ಸಡಿಲವಾಗುತ್ತವೆ, ಪ್ಲಗ್ ಕಿತ್ತು ವರ್ಷಕ್ಕೊಮ್ಮೆ ನೋಡಿ. 3 ಕಿಲೋವಾಟ್‌ನ ಸಣ್ಣ ಕಿಲ್ನ್ 13 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಬೇರೆಯೇ ತಂತಿ, ಬೇರೆಯೇ ಎಂಸಿಬಿ ಬೇಕು. ನಮ್ಮ ಚಿರೇಕಲ್ಲಿನ ನೆಲ ಏಪ್ರಿಲ್‌ನಲ್ಲಿ ಪೂರ್ತಿ ಒಣಗಿರುತ್ತದೆ, ಅರ್ಥಿಂಗ್ ಗುಂಡಿಗೆ ಆಗ ನೀರು ಹಾಕುತ್ತಿರಬೇಕು. ಕಿಲ್ನ್‌ನ ಮಟ್ಟಿಗೆ ನೀರು ನಮಗೆ ಬೇಕಾಗುವುದು ಅಲ್ಲೊಂದೇ ಕಡೆ. ನೋಡುಗಂಡಿಯೊಳಗೆ ಕುಂಬಾರ ಹುಳ ಗೂಡು ಕಟ್ಟಿದೆಯೇ ಎಂದೂ ನೋಡಿಕೊಳ್ಳಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಕುಮಟೆ ಕಡೆಯಿಂದ ಬಂದ ತಂಗಿಯೊಬ್ಬಳು ಕೇಳಿದ್ದು: “ಅಕ್ಕಾ, ಬೆಳಿಗ್ಗೆ ನೋಡಿದರೆ 180 ಡಿಗ್ರಿ ಇರುತ್ತದೆ. ತೆರೆದರೆ ಏನಾಗುತ್ತದೆ?” ಕೆಲವು ಸಲ ಏನೂ ಆಗುವುದಿಲ್ಲ, ಅದಕ್ಕೇ ಅಭ್ಯಾಸ ಕೆಡುತ್ತದೆ. ನೂರರ ಕೆಳಗೆ ಬರುವವರೆಗೂ ಮುಚ್ಚಳ ಮುಟ್ಟಬೇಡಿ. ಬಿರಿದ ಮಡಕೆ ಸಿಕ್ಕರೆ ಬಿರುಕಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಗ್ಲೇಜ್ ಅಂಚಿನ ಮೇಲೆ ಹರಿದು ದುಂಡಗಾಗಿದ್ದರೆ ಏರುವಾಗ ಬಿರಿದದ್ದು. ಬ್ಲೇಡಿನಂತೆ ಚೂಪಾಗಿದ್ದರೆ ಇಳಿಯುವಾಗ ಬಿರಿದದ್ದು, ಅಂದರೆ ಅವಸರದಲ್ಲಿ ತೆರೆದದ್ದೂ ಕಾರಣವಿರಬಹುದು.

ಇನ್ನೊಬ್ಬರು ಹಿರಿಯರು, “ನಮ್ಮ ತೋಟದ ಕೆಂಪು ಮಣ್ಣನ್ನು 1200ಕ್ಕೆ ಸುಡಬಹುದೋ?” ಎಂದು ಕೇಳಿದರು. ಹೆಚ್ಚಿನ ಕೆಂಪು ಮಣ್ಣು 1100ರ ಸುತ್ತಲೇ ಮೆತ್ತಗಾಗಿ, ಗುಳ್ಳೆ ಎದ್ದು, ಕುಸಿಯುತ್ತದೆ. ಅದರ ಕಬ್ಬಿಣವೇ ಅದನ್ನು ಕರಗಿಸುವುದು. ಊಹೆ ಮಾಡುವುದು ಬೇಡ. ಬೆರಳುದ್ದದ ಪಟ್ಟಿ ಮಾಡಿ, ಕರಗಿದರೂ ಶೆಲ್ಫ್ ಹಾಳಾಗದಂತೆ ಗಟ್ಟಿ ಮಣ್ಣಿನ ತಟ್ಟೆಯೊಳಗೆ ಇಟ್ಟು ಬೇರೆಯವುಗಳ ಜೊತೆ ಸುಡಿ. ಉಳಿದು ಬಂದರೆ ಒಣಗಿದ್ದಾಗ ತೂಗಿ, ಎರಡು ಗಂಟೆ ನೀರಿನಲ್ಲಿ ಕುದಿಸಿ, ಆರಿದ ಮೇಲೆ ಮೇಲಿನ ನೀರು ಒರೆಸಿ ಮತ್ತೆ ತೂಗಿ. 100 ಗ್ರಾಂ ಇದ್ದದ್ದು 112 ಆದರೆ ಆ ಮಣ್ಣು ನೂರಕ್ಕೆ 12 ಪಾಲು ನೀರು ಕುಡಿಯುತ್ತದೆ. ಕುಡಿಯುವ ನೀರಿನ ಹೂಜಿಗೆ ಅದು ಒಳ್ಳೆಯ ಗುಣ, ಚಹಾ ಕಪ್ಪಿಗೆ ಅಲ್ಲ. ಮಣ್ಣು ತಂದ ಜಾಗ, ಕೋನ್ ಸಂಖ್ಯೆ, ಎರಡೂ ತೂಕಗಳನ್ನು ಪಟ್ಟಿಯ ಹಿಂದೆಯೇ ಬರೆದು ಮುಂದಿನ ಸಲ ತನ್ನಿ. ಬನವಾಸಿಯದು, ಕುಮಟೆಯದು, ಸದಾಶಿವಗಡದ ಕಡೆಯದು, ಎಲ್ಲವನ್ನೂ ಒಂದೇ ಶೆಲ್ಫಿನ ಮೇಲೆ ಒಂದೇ ಬೆಂಕಿಗೆ ಇಟ್ಟು ನೋಡೋಣ.